ಒಂದು ಗುಡಿಸು ಬಿಟ್ಟುಹೋದ ಸಂಜೆ

ಐದು ಜನ ಸೇರಿ ಹನ್ನೊಂದು ಜಾನಪದ ಹಾಡು ಕಲಿಯುವುದಕ್ಕೆ ಆರು ವಾರ ಸಾಕಾಯಿತು. ತಂಡಕ್ಕೊಂದು ಹೆಸರಿಡುವುದಕ್ಕೆ ಎಂಟು ತಿಂಗಳೂ ಸಾಲಲಿಲ್ಲ. ಅಷ್ಟರಲ್ಲಿ ತಮಟೆಯವನ ಮನೆಯಲ್ಲಿ ಮಗು ಹುಟ್ಟಿ, ಅದಕ್ಕೆ ಹೆಸರೂ ಇಟ್ಟು, ಆ ಹೆಸರು ಹಿಡಿದು ಕೂಗಿದರೆ ಅದು ತಿರುಗಿ ನೋಡುವುದನ್ನೂ ಕಲಿತುಬಿಟ್ಟಿತ್ತು. ನಾವು ಮಾತ್ರ ಇನ್ನೂ ‘ನಮ್ಮ ತಂಡ’ವಾಗಿಯೇ ಉಳಿದಿದ್ದೆವು.

ತಂಡದಲ್ಲಿ ಇದ್ದವರು ಹಾರ್ಮೋನಿಯಂ ಮೇಷ್ಟ್ರು, ಹಾಡುವ ಅಕ್ಕ, ಕೊಳಲಿನವನು, ತಮಟೆಯವನು ಮತ್ತು ನಾನು. ನನ್ನ ಪಾಲಿಗೆ ಬಂದದ್ದು ತಾಳ. ತಾಳ ಹಾಕುವವನು ಸರಿಯಾಗಿ ಹಾಕಿದರೆ ಯಾರೂ ಗಮನಿಸುವುದಿಲ್ಲ, ತಪ್ಪಿದರೆ ಮಾತ್ರ ಸಭೆಗೆ ಸಭೆಯೇ ಅವನತ್ತ ತಿರುಗುತ್ತದೆ. ‘ನಿನಗೆ ಹೇಗೂ ಕೆಲಸ ಕಡಿಮೆ, ಹೆಸರು ನೀನೇ ಹುಡುಕು’ ಎಂದರು ಮೇಷ್ಟ್ರು. ನಾನು ಅದನ್ನು ಗಂಭೀರವಾಗಿ ತೆಗೆದುಕೊಂಡು, ಲೋಕದ ಜಾನಪದ ತಂಡಗಳೆಲ್ಲ ಏನೇನು ಹೆಸರಿಟ್ಟುಕೊಂಡಿವೆ ಎಂದು ಓದುತ್ತ ಕೂತೆ. ಕೆಟ್ಟದ್ದೇ ಅಲ್ಲಿ. ಅಲ್ಲಿಯವರೆಗೆ ‘ಸೊಗಡು’, ‘ಸಿರಿ’, ‘ಬೇರು’ ಎಂದರೆ ಚೆನ್ನಾಗಿದೆ ಅನ್ನಿಸುತ್ತಿದ್ದವನಿಗೆ ಆಮೇಲೆ ಅವೆಲ್ಲ ಸಪ್ಪೆಯಾಗಿ ಕಾಣತೊಡಗಿದವು.

ಅಮೆರಿಕದ ಜಾರ್ಜಿಯಾದಲ್ಲಿ 1926ರಲ್ಲಿ ಗಿಡ್ ಟ್ಯಾನರ್ ಎಂಬ ಪಿಟೀಲುಗಾರನ ತಂಡವೊಂದಿತ್ತು. ಅದರ ಹೆಸರು ‘ಸ್ಕಿಲೆಟ್ ಲಿಕ್ಕರ್ಸ್’, ಅಂದರೆ ಬಾಣಲೆ ನೆಕ್ಕುವವರು. ಇದನ್ನು ಹೇಳಿದಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ‘ಅವರ ಮನೇಲಿ ಯಾರೂ ಏನೂ ಅನ್ನಲಿಲ್ಲವೇನಪ್ಪ?’

ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ಇಂಥ ಹೆಸರುಗಳ ಹಿಂದೆ ಯಾಕೋ ಒಬ್ಬ ಡಾಕ್ಟರು ಇದ್ದೇ ಇರುತ್ತಾರೆ. ಆರ್ಕನ್ಸಾದಲ್ಲಿ ಡಾಕ್ಟರ್ ಸ್ಮಿತ್ ಎಂಬುವರ ತಂಡ 1928ರಲ್ಲಿ ರೆಕಾರ್ಡ್ ಮಾಡಿದಾಗ ಅದರ ಹೆಸರು ‘ಡಾಕ್ಟರ್ ಸ್ಮಿತ್ ಅವರ ಚಾಂಪಿಯನ್ ಕುದುರೆಗೂದಲು ಎಳೆಯುವವರು’. ಪಿಟೀಲಿನ ಕಮಾನಿಗೆ ಕಟ್ಟುವುದು ಕುದುರೆ ಬಾಲದ ಕೂದಲು ತಾನೆ, ಆ ಲೆಕ್ಕದಲ್ಲಿ ಹೆಸರು ನೂರಕ್ಕೆ ನೂರು ಸರಿ. ನ್ಯಾಶ್‌ವಿಲ್ ಕಡೆಯ ಡಾಕ್ಟರ್ ಹಂಫ್ರಿ ಬೇಟ್ ಪಾಪ ಮರ್ಯಾದಸ್ಥರು, ತಂಡಕ್ಕೆ ‘ಆರ್ಕೆಸ್ಟ್ರಾ’ ಎಂದೇ ಗೌರವವಾಗಿ ಕರೆದುಕೊಂಡಿದ್ದರು. ರೇಡಿಯೋದಲ್ಲಿ ಕಾರ್ಯಕ್ರಮ ನಡೆಸುತ್ತಿದ್ದ ಜಾರ್ಜ್ ಹೇ ಎಂಬಾತನಿಗೆ ಅದು ಹಿಡಿಸಲಿಲ್ಲ. ಕೇಳುವವರಿಗೆ ಹಳ್ಳಿ ಘಾಟು ಹೊಡೆಯಬೇಕು ಎಂದು ಡಾಕ್ಟರ ತಂಡವನ್ನು ‘ಪಾಸಮ್ ಬೇಟೆಗಾರರು’ ಮಾಡಿದ. ಪಾಸಮ್ ಎಂದರೆ ಬೆಕ್ಕಿನಷ್ಟು ದೊಡ್ಡದಾದ, ನೋಡಿದರೆ ಹೆಗ್ಗಣ ಅನ್ನಿಸುವ ಪ್ರಾಣಿ. ಅದೇ ಕಾರ್ಯಕ್ರಮದಲ್ಲಿ ‘ಹಳ್ಳ ಹಾರುವವರು’ ಇದ್ದರು, ‘ಹಣ್ಣಿನ ಜಾಡಿಯಲ್ಲಿ ಕುಡಿಯುವವರು’ ಇದ್ದರು. ಅದು ಪಾನನಿಷೇಧದ ಕಾಲ, ಜಾಡಿಯಲ್ಲಿ ಇದ್ದದ್ದು ಹಣ್ಣಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ಇನ್ನು ಲಂಡನ್ನಿನ ‘ಫೇರ್‌ಪೋರ್ಟ್ ಕನ್ವೆನ್ಷನ್’ಗೆ 1967ರಲ್ಲಿ ಹೆಸರು ಬಂದದ್ದು ಅವರು ಸೇರಿ ಅಭ್ಯಾಸ ಮಾಡುತ್ತಿದ್ದ ಮನೆಯಿಂದ. ಮನೆಯ ಹೆಸರು ಫೇರ್‌ಪೋರ್ಟ್, ಕೆಳಗಡೆ ಗಿಟಾರಿನವನ ಅಪ್ಪನ ದವಾಖಾನೆ! ಮೇಲಿನ ಸದ್ದಿಗೆ ರೋಗಿಗಳು ಹೆಚ್ಚಿದರೋ ಕಡಿಮೆಯಾದರೋ ಎಂಬುದು ನನ್ನ ಕುತೂಹಲ.

‘ನಮ್ಮಲ್ಲಿ ಡಾಕ್ಟರು ಯಾರೂ ಇಲ್ಲವಲ್ಲ’ ಎಂದು ಕೊಳಲಿನವನು ನಿಟ್ಟುಸಿರುಬಿಟ್ಟ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ‘ಡಾಕ್ಟರಿಲ್ಲದಿದ್ದರೇನು, ಎಂ.ಎ., ಬಿ.ಎಡ್. ಇಲ್ಲವೇ? ನನ್ನ ಹೆಸರು, ಪದವಿ, ಆಮೇಲೆ ‘ಮತ್ತು ಸಂಗಡಿಗರು’ ಅಂತ ಹಾಕಿದರಾಯಿತು.’

ಇದನ್ನು ತಪ್ಪಿಸಲೆಂದೇ ಕೋಲ್ಕತ್ತದ ಕಥೆ ತೆಗೆದೆ. ಎಪ್ಪತ್ತರ ದಶಕದ ನಡುವೆ ಅಲ್ಲಿ ಏಳು ಜನರ ತಂಡವೊಂದು ಹುಟ್ಟಿತು, ಬಂಗಾಳದ ಅಲೆಮಾರಿ ಗಾಯಕರ ಬಾವುಲ್ ಹಾಡಿನ ಗುಂಗು ಹತ್ತಿದವರು. ಏಳು ಜನ ಎಂದು ಮೊದಲು ‘ಸಪ್ತರ್ಷಿ’ ಎಂದಿಟ್ಟರು. ಆಮೇಲೆ ‘ತೀರಂದಾಜ್’ ಎಂದರು. ಅದೂ ಬೇಡವಾಗಿ ‘ಗೌತಮ್ ಚಟ್ಟೋಪಾಧ್ಯಾಯ ಬಿ.ಎಸ್‌ಸಿ. ಮತ್ತು ಸಂಪ್ರದಾಯ’ ಎಂದುಕೊಂಡರು. ಕೊನೆಗೆ ಜೀವನಾನಂದ ದಾಸರ ಕವಿತೆಯೊಂದರಿಂದ ಎತ್ತಿಕೊಂಡ ‘ಮೊಹೀನೇರ್ ಘೋಡಾಗುಲಿ’ ನಿಂತಿತು. ಮೊಹೀನನ ಕುದುರೆಗಳು. ‘ನೋಡಿ ಸಾರ್, ಪದವಿ ಹಾಕಿಕೊಂಡ ಹೆಸರು ಬಾಳಲಿಲ್ಲ’ ಎಂದೆ.

ಮೇಷ್ಟ್ರ ಕಿವಿಗೆ ಬಿದ್ದದ್ದೇ ಬೇರೆ. ‘ಬರೀ ಬಿ.ಎಸ್‌ಸಿಗೇ ಅಷ್ಟು ಧೈರ್ಯ ಇತ್ತು ಅಂದಮೇಲೆ, ನನ್ನದು ಎಂ.ಎ.!’

ಇನ್ನು ಮತಕ್ಕೆ ಹಾಕುವುದೊಂದೇ ದಾರಿ. ಚೀಟಿ ಬರೆಯುವ ಹಿಂದಿನ ದಿನ ನಾನು ಸುಮ್ಮನಿರದೆ ಇಂಗ್ಲೆಂಡಿನ ‘ಸ್ಟೀಲೈ ಸ್ಪ್ಯಾನ್’ ತಂಡದ ಸುದ್ದಿ ಹೇಳಿದ್ದೆ. ಒಂದು ಹಳೆಯ ಹಾಡಿನಲ್ಲಿ ಬರುವ ಗಾಡಿಯವನ ಹೆಸರು ಅದು. 1969ರಲ್ಲಿ ಅವರೂ ಚೀಟಿ ಹಾಕಿದರಂತೆ. ಇದ್ದವರು ಐದು ಜನ, ಬಂದದ್ದು ಆರು ಚೀಟಿ. ಎರಡು ಸಲ ಹಾಕಿದವನು ನಾನೇ ಎಂದು ಟಿಮ್ ಹಾರ್ಟ್ ಒಪ್ಪಿಕೊಂಡದ್ದು 1978ರಲ್ಲಿ.

ನಮ್ಮ ಡಬ್ಬಿ ತೆರೆದಾಗ ಐದು ಜನಕ್ಕೆ ಒಂಬತ್ತು ಚೀಟಿ. ಅದರಲ್ಲಿ ಐದು ಒಂದೇ ಕೈಬರಹ. ಗುಂಡಗೆ, ಕಪ್ಪುಹಲಗೆಯ ಮೇಲೆ ಬರೆದಂತೆ, ಒಂದೊಂದು ಒತ್ತಕ್ಷರವೂ ಸ್ಪಷ್ಟ. ಐದರಲ್ಲೂ ‘ಎಂ.ಎ., ಬಿ.ಎಡ್.’ ಎಲ್ಲರೂ ಮೇಷ್ಟ್ರನ್ನೇ ನೋಡಿದೆವು. ಅವರು ಹಾರ್ಮೋನಿಯಂ ತಿದಿ ಒತ್ತುತ್ತ, ‘ಆ ಹುಡುಗ ಒಪ್ಪಿಕೊಳ್ಳೋಕೆ ಒಂಬತ್ತು ವರ್ಷ ತಗೊಂಡ. ನನಗೂ ಅಷ್ಟು ಟೈಮ್ ಕೊಡಿ’ ಎಂದರು.

ಅಕ್ಕನಿಗೆ ಸಾಕಾಗಿಹೋಗಿತ್ತು. ‘ದನಿಗಳು. ಜಾನಪದ ದನಿಗಳು. ಮುಗೀತು. ಇನ್ನು ಯಾರಾದರೂ ಹೆಸರಿನ ವಿಷಯ ಎತ್ತಿದರೆ ನಾನು ಹಾಡೋದಿಲ್ಲ.’ ಯಾರೂ ಎತ್ತಲಿಲ್ಲ. ನಾನೊಬ್ಬನೇ ಹೆಸರಿಗೆ ಬೇರೆ ಭಾಷೆಯಲ್ಲಿ ಕೆಟ್ಟ ಅರ್ಥವೇನಾದರೂ ಇದೆಯೇ ಎಂದು ಎರಡು ದಿನ ತಲೆಕೆಡಿಸಿಕೊಂಡೆ. ಅದಕ್ಕೂ ಕಾರಣವಿದೆ. ಲಂಡನ್ನಿನಲ್ಲಿ 1982ರಲ್ಲಿ ಶುರುವಾದ ‘ಪೋಗ್ ಮಹೋನ್’ ತಂಡದ ಹೆಸರು ಐರಿಷ್ ಭಾಷೆಯ ಬೈಗುಳ, ‘ನನ್ನ ಹಿಂಭಾಗಕ್ಕೆ ಮುತ್ತಿಡು’ ಎಂದು. ಅದು ಬಿಬಿಸಿ ರೇಡಿಯೋದಲ್ಲಿ ಬರತೊಡಗಿದಾಗ ಐರಿಷ್‌ನ ಸೋದರ ಭಾಷೆಯಾದ ಗೇಲಿಕ್ ಬಲ್ಲವರು ದೂರು ಕೊಟ್ಟರು. 1984ರಲ್ಲಿ ಹೆಸರಿನ ಹಿಂಭಾಗ ಕತ್ತರಿಸಿ ‘ದಿ ಪೋಗ್ಸ್’ ಆದರು. ಮುತ್ತು ಉಳಿಯಿತು.

ಬೇರೆ ಭಾಷೆಗಳ ಭಯದಲ್ಲಿ ನಾನು ಕನ್ನಡವನ್ನೇ ಮರೆತಿದ್ದೆ.

ಹತ್ತಾರು ತಂಡಗಳು ಹಾಡುವ ಒಂದು ಸಂಜೆ, ನಮ್ಮ ಮೊದಲ ಕಾರ್ಯಕ್ರಮ. ನಮ್ಮ ಸರದಿ ಬಂತು. ವೇದಿಕೆಯ ಹಿಂದೆ ಹನ್ನೆರಡು ಅಡಿ ಉದ್ದದ ಬ್ಯಾನರ್ ಬಿಚ್ಚಿದರು. ಹಸಿರು ಹಿನ್ನೆಲೆ, ಮೊಳದುದ್ದದ ಹಳದಿ ಅಕ್ಷರ, ಪ್ರತಿ ಅಕ್ಷರಕ್ಕೂ ಕೆಂಪು ಅಂಚು. ‘ಜಾನಪದ ದನಗಳು.’ ಅದರ ಕೆಳಗೆ, ಅನುಮಾನಕ್ಕೆ ಎಡೆಯಿಲ್ಲದಂತೆ, ನಮ್ಮ ಐವರ ಫೋಟೋ.

ನಿರೂಪಕಿ ಬ್ಯಾನರ್ ನೋಡಿದರು, ನಮ್ಮನ್ನು ನೋಡಿದರು, ಮತ್ತೆ ಬ್ಯಾನರ್ ನೋಡಿದರು. ಬರೆದದ್ದನ್ನು ಓದುವುದು ಅವರ ಧರ್ಮ. ‘ಈಗ ನಿಮ್ಮ ಮುಂದೆ... ಜಾನಪದ ದನಗಳು ಹಾಡುತ್ತವೆ’ ಎಂದರು. ಏನೋ ತಪ್ಪಿತು ಅನ್ನಿಸಿರಬೇಕು, ‘ಹಾಡುತ್ತಾರೆ’ ಎಂದು ತಿದ್ದಿದರು. ಕೊನೆಯ ಸಾಲಿನಿಂದ ಯಾರೋ ‘ಅಂಬಾ’ ಎಂದ. ಆಮೇಲೆ ಇಡೀ ಸಭೆ.

ಪರದೆಯ ಮರೆಯಲ್ಲಿ ನಡುಗುವ ಕೈಯಲ್ಲಿ ಫೋನ್ ತೆಗೆದೆ, ಬ್ಯಾನರಿನವರಿಗೆ ಬೈಯಬೇಕಲ್ಲ. ನಾನು ಕಳಿಸಿದ ಸಂದೇಶ ಅಲ್ಲೇ ಇತ್ತು. ‘ಜಾನಪದ ದನಗಳು. ಇದ್ದದ್ದು ಇದ್ದಹಾಗೇ ಹಾಕಿ, ಒಂದಕ್ಷರವೂ ಬದಲಾಗಬಾರದು.’ ಪಾಪ, ಬದಲಾಯಿಸಿರಲಿಲ್ಲ. ‘ನ’ ತಲೆಯ ಮೇಲೆ ಒಂದು ಗುಡಿಸು ಕೊಡುವುದು ನನಗೇ ಮರೆತಿತ್ತು. ಸಭೆಯಲ್ಲಿ ಕೂತಿದ್ದ ನನ್ನ ಹೆಂಡತಿ ಆಮೇಲೆ ಅಕ್ಕನಿಗೆ ಹೇಳಿದಳಂತೆ: ‘ಗುಡಿಸು ಅಂದರೆ ಇವರಿಗೆ ಮನೇಲೂ ಆಗಲ್ಲ.’

ಮೇಷ್ಟ್ರು ಮಾತ್ರ ಬ್ಯಾನರಿನ ಮುಂದೆ ತಲೆಯೆತ್ತಿ ನಿಂತಿದ್ದರು. ‘ದನ ಕಾಯೋಕೆ ಲಾಯಕ್ಕು ಅಂತ ಮೂವತ್ತು ವರ್ಷ ಹುಡುಗರನ್ನು ಬೈದೆ ಕಣಯ್ಯ. ಯಾವನೋ ಒಬ್ಬನ ಶಾಪ ತಟ್ಟಿದೆ.’

ಹಾಡಿದೆವು. ನಗುತ್ತ ಕೇಳಲು ಕೂತವರು ನಗುವುದನ್ನು ನಿಲ್ಲಿಸಿ ಕೇಳಿದರು, ಒಂದು ಹಾಡನ್ನು ಎರಡು ಸಲ ಹಾಡಿಸಿದರು. ನಾನು ತಾಳ ತಪ್ಪಿದ್ದು ಒಂದೇ ಸಲ, ಅದೂ ಕಣ್ಣು ಬ್ಯಾನರಿನ ಕಡೆ ಹೋದಾಗ.

ಮಾರನೆಯ ವಾರವೇ ನನ್ನ ಖರ್ಚಿನಲ್ಲಿ ಗುಡಿಸಿನ ಸಮೇತ ಹೊಸ ಬ್ಯಾನರ್ ಮಾಡಿಸಿದೆ. ಉಪಯೋಗವಾಗಲಿಲ್ಲ. ಇನ್ನೊಂದು ಕಾರ್ಯಕ್ರಮದವರು ಫೋನ್ ಮಾಡಿ, ‘ನೀವು ದನಗಳಾ ಸಾರ್?’ ಎಂದೇ ಕೇಳಿದರು. ನಾನು ವಿವರಿಸಿದೆ. ‘ದನಿಗಳಾ? ಇಲ್ಲ ಬಿಡಿ, ನಮಗೆ ಆ ದನಗಳು ತಂಡವೇ ಬೇಕಿತ್ತು’ ಎಂದು ಇಡಲು ಹೊರಟರು. ತಕ್ಷಣ ನಾನು ದನವೆಂದು ಒಪ್ಪಿಕೊಂಡೆ.

1925ರಲ್ಲಿ ಆಲ್ ಹಾಪ್ಕಿನ್ಸ್ ಎಂಬಾತನನ್ನು ರೆಕಾರ್ಡ್ ಕಂಪನಿಯವರು ತಂಡದ ಹೆಸರೇನು ಎಂದು ಕೇಳಿದಾಗ, ‘ಏನಾದರೂ ಹಾಕಿಕೊಳ್ಳಿ, ನಾವು ಬೆಟ್ಟದ ಕಡೆಯ ಹಳ್ಳಿ ಗಮಾರರು’ ಎಂಬರ್ಥದ ಮಾತಾಡಿದ್ದ. ಅವರು ‘ಹಿಲ್ ಬಿಲ್ಲೀಸ್’ ಎಂದೇ ಬರೆದುಕೊಂಡರು, ಮುಂದೆ ಆ ಬಗೆಯ ಸಂಗೀತಕ್ಕೇ ಅದು ಹೆಸರಾಯಿತು. ಇದನ್ನು ಹೇಳಿ ಎಲ್ಲರನ್ನೂ ಸಮಾಧಾನಪಡಿಸಬೇಕೆಂದು ಹೊರಟರೆ, ಅವರಾಗಲೇ ಸಮಾಧಾನವಾಗಿದ್ದರು. ‘ಕೋಲ್ಕತ್ತದಲ್ಲಿ ಕುದುರೆಗಳು ಹಾಡಬಹುದಾದರೆ ನಾವು ಯಾಕೆ ಹಾಡಬಾರದು?’ ಎಂದ ಕೊಳಲಿನವನು.

ಗುಡಿಸು ಹೋಯಿತು, ಮೇಷ್ಟ್ರಿಗೆ ಕೊಂಬು ಬಂತು. ನಿನ್ನೆ ಮನೆಗೆ ಬಂದು ಮುಂದಿನ ಬ್ಯಾನರಿಗೆ ಸಣ್ಣದೊಂದು ತಿದ್ದುಪಡಿ ಹೇಳಿದರು. ನಾನು ಟೈಪ್ ಮಾಡುವಾಗ ಪಕ್ಕದಲ್ಲೇ ನಿಂತು ಒಂದೊಂದು ಅಕ್ಷರವನ್ನೂ ನೋಡಿದರು: ‘ಜಾನಪದ ದನಗಳು, ಎಂ.ಎ., ಬಿ.ಎಡ್.’