ಬಾಸ್ಟನ್ ಸ್ಫೋಟವನ್ನು ‘ಫ್ಯಾಮಿಲಿ ಗೈ’ ಮೊದಲೇ ತೋರಿಸಿರಲಿಲ್ಲ

2013ರ ಏಪ್ರಿಲ್ 15ರ ಬಾಸ್ಟನ್ ಮ್ಯಾರಥಾನ್ ಸ್ಫೋಟವನ್ನು ಅಮೆರಿಕದ ‘ಫ್ಯಾಮಿಲಿ ಗೈ’ ಕಾರ್ಟೂನ್ ಮೊದಲೇ ತೋರಿಸಿತ್ತು ಎನ್ನುವ ವಿಡಿಯೊ ಸುಳ್ಳು. ಯಾರೋ ಎರಡು ದೃಶ್ಯಗಳನ್ನು ಕತ್ತರಿಸಿ ಅಂಟಿಸಿದ್ದಾರೆ.

ಆ ಎರಡೂ ದೃಶ್ಯಗಳು ಅದೇ ವರ್ಷ ಮಾರ್ಚ್ 17ರಂದು ಪ್ರಸಾರವಾದ ‘ಟರ್ಬನ್ ಕೌಬಾಯ್’ ಕಂತಿನವು. ಅದರಲ್ಲಿ ಕಾರ್ಟೂನಿನ ಮುಖ್ಯ ಪಾತ್ರ ಪೀಟರ್ ಓಟಗಾರರ ಮೇಲೆ ಕಾರು ಹರಿಸಿ ಮ್ಯಾರಥಾನ್ ಗೆಲ್ಲುತ್ತಾನೆ. ಅಲ್ಲಿ ಬಾಂಬ್ ಇಲ್ಲವೇ ಇಲ್ಲ. ಅವನು ಫೋನ್ ಮಾಡಿದಾಗ ಸ್ಫೋಟದ ಸದ್ದು ಕೇಳುವುದು ಬೇರೆಯದೇ ದೃಶ್ಯದಲ್ಲಿ. ಅದಕ್ಕೂ ಓಟಕ್ಕೂ ಸಂಬಂಧವಿಲ್ಲ. ಈ ಕತ್ತರಿ ಕೆಲಸವನ್ನು ಕಾರ್ಟೂನ್ ಹುಟ್ಟುಹಾಕಿದ ಸೆತ್ ಮ್ಯಾಕ್‌ಫಾರ್ಲೇನ್ ಆಗಲೇ ಕಟುವಾಗಿ ಖಂಡಿಸಿದ್ದರು.

ಕಾರ್ಟೂನ್ ಪ್ರಸಾರ ಮಾಡುವ ಫಾಕ್ಸ್ ವಾಹಿನಿ ಈ ಕಂತನ್ನು ತನ್ನ ವೆಬ್‌ಸೈಟ್‌ನಿಂದ ತೆಗೆದದ್ದು ನಿಜ. ಆದರೆ ಅದು ಯಾವ ಗುಟ್ಟಿಗೂ ಸಾಕ್ಷಿಯಲ್ಲ. ಮೂವರನ್ನು ಬಲಿ ತೆಗೆದುಕೊಂಡ ದಾಳಿಯ ಬೆನ್ನಲ್ಲೇ ಅಂಥ ಒರಟು ಹಾಸ್ಯ ತೋರಿಸುವುದು ಸರಿಯಲ್ಲ, ಅಲ್ವಾ?