ಬಿಡಿಎ ಕಾಯ್ದೆಯ 36ನೇ ಸೆಕ್ಷನ್ ಬಗ್ಗೆ ಮಾತಾಡಬೇಕಿದೆ

1894ರ ಭೂಸ್ವಾಧೀನ ಕಾಯ್ದೆ ರದ್ದಾಗಿ ಹತ್ತು ವರ್ಷದ ಮೇಲಾಯಿತು. 2013ರ ಹೊಸ ಕಾಯ್ದೆ 2014ರ ಜನವರಿ 1ರಂದು ಜಾರಿಗೆ ಬಂತು. ಅದರ 114ನೇ ಸೆಕ್ಷನ್ ಹಳೆಯದನ್ನು ತೆಗೆದುಹಾಕಿತು. ಬ್ರಿಟಿಷರ ಕಾಲದ ಕಾಯ್ದೆ ಕೊನೆಗೂ ಹೋಯಿತು ಎಂದುಕೊಂಡವರೇ ಜಾಸ್ತಿ. ಆದರೆ ಬೆಂಗಳೂರಿನ ಸುತ್ತ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಜಮೀನು ತೆಗೆದುಕೊಂಡರೆ ಪರಿಹಾರದ ಲೆಕ್ಕ ಇವತ್ತಿಗೂ ಆ ರದ್ದಾದ ಕಾಯ್ದೆಯದ್ದೇ.

"ಇಲ್ಲದ ಕಾಯ್ದೆ ನಮಗೆ ಮಾತ್ರ ಹೇಗೆ ಬಂತು ಸಾರ್?" ಎಂದು ಜಮೀನು ಕಳೆದುಕೊಂಡವರು ಕೇಳುತ್ತಾರೆ. ವಕೀಲನಾಗಿ ನನಗೆ ಉತ್ತರ ಗೊತ್ತಿದೆ. ಆದರೆ ಅವರ ಮುಖ ನೋಡಿಕೊಂಡು ಹೇಳುವುದು ಸಂಕಟ. ಇಲ್ಲಿ ಬಿಡಿಸಿ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಬಿಡಿಎ ಕಾಯ್ದೆ 1976ರದ್ದು, ನಮ್ಮ ರಾಜ್ಯದ್ದು. ಅದರ 36ನೇ ಸೆಕ್ಷನ್ ಹೇಳುವುದು ಇಷ್ಟು: ಒಪ್ಪಂದವಿಲ್ಲದೆ ಜಮೀನು ಸ್ವಾಧೀನ ಮಾಡಿಕೊಳ್ಳುವಾಗ, ಅನ್ವಯವಾಗುವಷ್ಟರ ಮಟ್ಟಿಗೆ 1894ರ ಭೂಸ್ವಾಧೀನ ಕಾಯ್ದೆಯ ನಿಯಮಗಳನ್ನು ಪಾಲಿಸಬೇಕು. ಒಂದು ಕಾಯ್ದೆ ಇನ್ನೊಂದರ ಕಡೆ ಕೈ ತೋರಿಸುವುದು ಹೊಸದೇನಲ್ಲ. ಎಲ್ಲವನ್ನೂ ಮತ್ತೆ ಬರೆಯುತ್ತಾ ಕೂರಲು ಆಗುವುದಿಲ್ಲ. ತೊಂದರೆ ಶುರುವಾಗುವುದು ಆ ಇನ್ನೊಂದು ಕಾಯ್ದೆ ಬದಲಾದಾಗ.

ಆಗ ಕೋರ್ಟು ಕೇಳುವ ಪ್ರಶ್ನೆ ಒಂದೇ. 1976ರಲ್ಲಿ ಶಾಸಕರು ಆ ದಿನದ ಪಹಣಿಯ ನಕಲು ತೆಗೆದು ಕಡತಕ್ಕೆ ಸೇರಿಸಿಕೊಂಡರೋ, ಇಲ್ಲಾ ಬೇಕಾದಾಗೆಲ್ಲ ತಾಲೂಕು ಕಚೇರಿಯಿಂದ ಹೊಸ ಪಹಣಿ ತರಿಸಿ ನೋಡಿ ಎಂದರೋ? ನಕಲು ಎಂದಾದರೆ, ಮೂಲದಲ್ಲಿ ಮುಂದೆ ಏನು ಬದಲಾದರೂ ಇಲ್ಲಿ ಲೆಕ್ಕಕ್ಕಿಲ್ಲ. ಮೂಲ ರದ್ದಾದರೂ ನಕಲು ಉಳಿಯುತ್ತದೆ. ಬರೀ ಕೈ ತೋರಿಸಿದ್ದು ಎಂದಾದರೆ, ತಿದ್ದುಪಡಿಗಳೆಲ್ಲ ಹಿಂದೆಯೇ ಬರುತ್ತವೆ.

ಎರಡನೆಯದಕ್ಕೆ 1897ರ ಜನರಲ್ ಕ್ಲಾಸಸ್ ಆಕ್ಟ್‌ನ 8ನೇ ಸೆಕ್ಷನ್ ಆಧಾರ. ಒಂದು ಕಾಯ್ದೆಯನ್ನು ರದ್ದು ಮಾಡಿ ಹೊಸದಾಗಿ ತಂದರೆ, ಬೇರೆ ಕಾಯ್ದೆಗಳಲ್ಲಿ ಹಳೆಯದರ ಹೆಸರು ಇರುವ ಕಡೆಯೆಲ್ಲ ಹೊಸದನ್ನು ಓದಿಕೊಳ್ಳಬೇಕು. ಬೇರೆ ಉದ್ದೇಶ ಕಾಣದಿದ್ದರೆ ಮಾತ್ರ. ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಾಗ ನಡೆದದ್ದು ಇದೇ. ಹೊಸ ಸಂಹಿತೆ 2024ರ ಜುಲೈ 1ಕ್ಕೆ ಜಾರಿಗೆ ಬಂತು. ಅದೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಎಂದಿರುವಲ್ಲಿ ಹೊಸ ಕಾಯ್ದೆಗಳನ್ನು ಓದಿಕೊಳ್ಳಿ ಎಂದಿತು. ಯಾರಿಗೂ ಗೊಂದಲ ಉಳಿಯಬಾರದು ಎಂಬ ಕಾಳಜಿ. ಒಳ್ಳೆಯ ಕೆಲಸ.

ಬಿಡಿಎ ವಿಷಯದಲ್ಲಿ ಹಾಗಾಗಲಿಲ್ಲ. 1984ರಲ್ಲಿ ಹಳೆಯ ಭೂಸ್ವಾಧೀನ ಕಾಯ್ದೆಗೆ 11ಎ ಸೇರಿತ್ತು. ಎರಡು ವರ್ಷದೊಳಗೆ ಅವಾರ್ಡ್, ಅಂದರೆ ಪರಿಹಾರ ನಿಗದಿ ಮಾಡುವ ಆದೇಶ, ಮಾಡದಿದ್ದರೆ ಸ್ವಾಧೀನ ಬಿದ್ದುಹೋಗುತ್ತದೆ ಎಂಬ ನಿಯಮ. ಅದು ಬಿಡಿಎಗೂ ಅನ್ವಯಿಸುತ್ತದಾ? ಆಫ್‌ಶೋರ್ ಹೋಲ್ಡಿಂಗ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2011ರ ಜನವರಿಯಲ್ಲಿ ಇಲ್ಲ ಎಂದಿತು. 36ನೇ ಸೆಕ್ಷನ್ ನಕಲು ಮಾಡಿಕೊಂಡ ಬಗೆಯದು, ಬಿಡಿಎ ಕಾಯ್ದೆ ತನ್ನಷ್ಟಕ್ಕೆ ತಾನು ಪೂರ್ಣವಾದದ್ದು ಎಂದಿತು. ಆ ತೀರ್ಪಿಗೆ ಅದರದೇ ತರ್ಕ ಇದೆ, ಒಪ್ಪುತ್ತೇನೆ. ಬಡಾವಣೆ ಯೋಜನೆ ಮುಗಿಸಲು ಬಿಡಿಎ ಕಾಯ್ದೆಯೇ 27ನೇ ಸೆಕ್ಷನ್‌ನಲ್ಲಿ ಐದು ವರ್ಷ ಕೊಟ್ಟಿದೆ. ನಡುವೆ ಎರಡು ವರ್ಷದ ಕತ್ತರಿ ಬಂದರೆ ಎರಡೂ ಹೊಂದುವುದಿಲ್ಲ.

ಆದರೆ ಗಡುವಿನ ಪ್ರಶ್ನೆಯೇ ಬೇರೆ, ದುಡ್ಡಿನ ಪ್ರಶ್ನೆಯೇ ಬೇರೆ ಅಲ್ವಾ? ಅಲ್ಲಿ ಹುಟ್ಟಿದ ತರ್ಕ ಇಲ್ಲಿಗೂ ಬಂತು. ಡಾ. ಶಿವರಾಮ ಕಾರಂತ ಬಡಾವಣೆಯನ್ನೇ ತೆಗೆದುಕೊಳ್ಳಿ. ಯಲಹಂಕ, ಹೆಸರಘಟ್ಟ ಕಡೆಯ 17 ಹಳ್ಳಿಗಳು. ಸೋಮಶೆಟ್ಟಿಹಳ್ಳಿ, ಬ್ಯಾಲಕೆರೆ, ವೀರಸಾಗರ, ಹೀಗೆ. 3,546 ಎಕರೆ. ಪ್ರಾಥಮಿಕ ಅಧಿಸೂಚನೆ 2008ರ ಡಿಸೆಂಬರ್ 30ಕ್ಕೆ. ಅಂತಿಮ ಅಧಿಸೂಚನೆ 2018ರ ಅಕ್ಟೋಬರ್ 30ಕ್ಕೆ, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ನಡುವೆ ಹತ್ತು ವರ್ಷ. ಅಂತಿಮ ಅಧಿಸೂಚನೆ ಬರುವ ಹೊತ್ತಿಗೆ 1894ರ ಕಾಯ್ದೆ ರದ್ದಾಗಿ ಐದು ವರ್ಷವಾಗುತ್ತಾ ಬಂದಿತ್ತು. ಆದರೂ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಬಿಡಿಎ ಸ್ವಾಧೀನಕ್ಕೆ 2013ರ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸ್ಪಷ್ಟಪಡಿಸಿತು. ಕಾರಣ ಮತ್ತದೇ ನಕಲು.

ಇದರ ಬೆಲೆ ಎಷ್ಟು ನೋಡಿ. ಜಮೀನಿನ ಮಾರುಕಟ್ಟೆ ದರ 1 ಕೋಟಿ ಎಂದುಕೊಳ್ಳೋಣ. ಹಳೆಯ ಕಾಯ್ದೆಯಲ್ಲಿ ಅದರ ಮೇಲೆ ಶೇ 30 ಸೊಲೇಷಿಯಂ (ಒಪ್ಪಿಗೆಯಿಲ್ಲದೆ ತೆಗೆದುಕೊಂಡಿದ್ದಕ್ಕೆ ಕೊಡುವ ಹೆಚ್ಚುವರಿ ಹಣ), ಒಟ್ಟು 1.30 ಕೋಟಿ. ಹೊಸದರಲ್ಲಿ ಶೇ 100, ಒಟ್ಟು 2 ಕೋಟಿ. ಗ್ರಾಮೀಣ ಪ್ರದೇಶವಾದರೆ ದರವನ್ನು ಮೊದಲು ಎರಡು ಪಟ್ಟಿನವರೆಗೆ ಏರಿಸಬಹುದು. ಆಗ 4 ಕೋಟಿಯವರೆಗೂ ಹೋಗುತ್ತದೆ. ಇನ್ನು ಹಳೆಯ ಲೆಕ್ಕದಲ್ಲಿ ಆ 1 ಕೋಟಿ ಎನ್ನುವುದೂ ಪ್ರಾಥಮಿಕ ಅಧಿಸೂಚನೆಯ ದಿನದ ದರ. ಪರಿಹಾರದ ಬದಲು ಅಭಿವೃದ್ಧಿಪಡಿಸಿದ ನಿವೇಶನ ಪಡೆಯುವ ಆಯ್ಕೆ ಇದೆ, ನಿಜ. ಆದರೆ ದುಡ್ಡನ್ನೇ ಕೇಳುವ ರೈತನಿಗೆ ಸಿಗುವುದು ಹಳೆಯ ಲೆಕ್ಕ.

ಈಗ ಅದೇ ಊರಿನ ಪಕ್ಕ ರಾಷ್ಟ್ರೀಯ ಹೆದ್ದಾರಿ ಬಂತು ಎಂದುಕೊಳ್ಳಿ. ಹೆದ್ದಾರಿ ಕಾಯ್ದೆ 1956ರದ್ದು, ಬಿಡಿಎ ಕಾಯ್ದೆಗಿಂತ 20 ವರ್ಷ ಹಳೆಯದು. ಆದರೆ 2013ರ ಕಾಯ್ದೆಯ 105ನೇ ಸೆಕ್ಷನ್ನು ಮತ್ತು ಅದೇ ಕಾಯ್ದೆಯಡಿ 2015ರಲ್ಲಿ ಬಂದ ಆದೇಶದಿಂದ ಹೆದ್ದಾರಿಗೂ ಹೊಸ ಪರಿಹಾರ ಸಿಗುತ್ತದೆ. ಬದುವಿನ ಈಚೆ ಅಣ್ಣ, ಆಚೆ ತಮ್ಮ. ಅಣ್ಣನ ಜಮೀನು ರಸ್ತೆಗೆ ಹೋದರೆ ಒಂದು ಲೆಕ್ಕ, ತಮ್ಮನದು ಸೈಟಿಗೆ ಹೋದರೆ ಇನ್ನೊಂದು. ಇದನ್ನು ಯಾವ ನ್ಯಾಯ ಎನ್ನುವುದು?

ನಾಗ್ಪುರ ಇಂಪ್ರೂವ್‌ಮೆಂಟ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 70ರ ದಶಕದಲ್ಲೇ ಇದಕ್ಕೆ ಉತ್ತರ ಕೊಟ್ಟಿತ್ತು. ಯಾವ ಕಾಯ್ದೆಯಡಿ ಜಮೀನು ಹೋಯಿತು ಎಂಬುದು ಕಳೆದುಕೊಂಡವನಿಗೆ ಮುಖ್ಯವಲ್ಲ, ಅದರ ಮೇಲೆ ಪರಿಹಾರದಲ್ಲಿ ಭೇದ ಮಾಡಬಾರದು ಎಂಬುದು ಅದರ ತಾತ್ಪರ್ಯ. 1998ರಲ್ಲಿ ಉತ್ತರ ಪ್ರದೇಶದ ವಸತಿ ಮಂಡಳಿಯ ಪ್ರಕರಣದಲ್ಲಿ ಅದೇ ಹಾದಿ ಹಿಡಿದು, 1984ರ ಹೆಚ್ಚಿನ ಸೊಲೇಷಿಯಂ ಅಲ್ಲಿನ ರೈತರಿಗೂ ಸಲ್ಲಬೇಕು, ಇಲ್ಲದಿದ್ದರೆ ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ವಿಧಿಗೆ ಧಕ್ಕೆ ಎಂದು ಕೋರ್ಟು ಹೇಳಿತು. ಆ ಮಾತಿನ ಬೆಳಕು 36ನೇ ಸೆಕ್ಷನ್ ಮೇಲೂ ಬೀಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಇದನ್ನು ಕೋರ್ಟಿನ ತಲೆಗೆ ಕಟ್ಟುವುದೇ ತಪ್ಪು. ಸರಿಮಾಡಬೇಕಾದದ್ದು ವಿಧಾನಮಂಡಲ. ಅದಕ್ಕೆ ಶಕ್ತಿ ಇಲ್ಲವಾ? 2020ರಲ್ಲಿ ಇದೇ ರಾಜ್ಯ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದುಹಾಕಿತು. ಹೆಚ್ಚಿನ ಆದಾಯದವರು, ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಸೆಕ್ಷನ್ನುಗಳು ಅವು. ಆವತ್ತಿನಿಂದ ಅಲ್ಲ, 1974ರ ಮಾರ್ಚ್ 1ರಿಂದಲೇ ಇರಲಿಲ್ಲ ಎಂಬಂತೆ. ಮನಸ್ಸಿದ್ದಾಗ 46 ವರ್ಷ ಹಿಂದಕ್ಕೆ ಕೈ ಚಾಚುತ್ತದೆ.

ಸಂಸತ್ತಿನದೂ ಅಷ್ಟೇ. ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಮಾಡುವಾಗ 2ನೇ ಸೆಕ್ಷನ್‌ಗೆ ಹೊಸ ವ್ಯಾಖ್ಯೆ ಸೇರಿಸಿದರು. ಮೊದಲು (viiiಎ) ಆಗಿದ್ದ ಅಕ್ರಮ ಸಾಗಾಟದ ವ್ಯಾಖ್ಯೆ (viiiಬಿ) ಆಯಿತು. ಆದರೆ ಅದಕ್ಕೆ ಹಣ ಕೊಟ್ಟವರನ್ನು ಶಿಕ್ಷಿಸುವ 27ಎ ಸೆಕ್ಷನ್‌ನಲ್ಲಿ ಹಳೆಯ ಅಕ್ಷರವೇ ಉಳಿದುಹೋಯಿತು. ಕನಿಷ್ಠ ಹತ್ತು ವರ್ಷ ಜೈಲು ಕೊಡುವ ಸೆಕ್ಷನ್ನು ಏಳು ವರ್ಷ ತಪ್ಪು ಜಾಗಕ್ಕೆ ಕೈ ತೋರಿಸುತ್ತಾ ನಿಂತಿತ್ತು. 2021ರ ಜೂನ್‌ನಲ್ಲಿ ತ್ರಿಪುರಾ ಹೈಕೋರ್ಟ್ ತಿದ್ದಲು ಹೇಳಿತು. ಸೆಪ್ಟೆಂಬರ್ 30ಕ್ಕೆ ಸುಗ್ರೀವಾಜ್ಞೆ, ಡಿಸೆಂಬರ್‌ನಲ್ಲಿ ಕಾಯ್ದೆ, ಅದೂ 2014ರಿಂದಲೇ ಜಾರಿ. ಸರ್ಕಾರಕ್ಕೆ ಬೇಕಾದ ಕೊಂಡಿ ಕಳಚಿದರೆ ಆರೇ ತಿಂಗಳಲ್ಲಿ ಕೂಡುತ್ತದೆ. ರೈತನಿಗೆ ಬೇಕಾದ ಕೊಂಡಿಯನ್ನು ಕೇಳುವವರಿಲ್ಲ.

ಪರಿಹಾರ ಏರಿದರೆ ಸೈಟಿನ ಬೆಲೆಯೂ ಏರುತ್ತದೆ, ಮಧ್ಯಮ ವರ್ಗಕ್ಕೆ ಹೊರೆ ಎನ್ನುವವರಿದ್ದಾರೆ. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಹಾಗಾದರೆ ಸದನದಲ್ಲಿ ಅದನ್ನೇ ಎದ್ದು ನಿಂತು ಹೇಳಿ. ಚರ್ಚೆಯಾಗಲಿ, ಮತಕ್ಕೆ ಹಾಕಿ. 1976ರ ಒಂದು ಸಾಲಿನ ಹಿಂದೆ ನಿಂತು ತೀರ್ಮಾನ ಮಾಡಬೇಡಿ. ಬಿಡಿಎಯದೇ ಇನ್ನೊಂದು ಯೋಜನೆಯಾದ, ನಗರದ ಹೊರವಲಯದ ಪೆರಿಫೆರಲ್ ರಿಂಗ್ ರಸ್ತೆಗೆ 2005ರಲ್ಲಿ, 2007ರಲ್ಲಿ ಅಧಿಸೂಚನೆಯಾದ ಜಮೀನಿನವರು ಇಷ್ಟು ವರ್ಷ ಕೇಳುತ್ತಿರುವುದೂ 2013ರ ಕಾಯ್ದೆಯ ಪರಿಹಾರವನ್ನೇ.

ಬೇಕಾಗಿರುವುದು ಸಣ್ಣ ತಿದ್ದುಪಡಿ. ಕಾರ್ಯವಿಧಾನಕ್ಕೆ ಬಿಡಿಎ ಕಾಯ್ದೆಯೇ ಇರಲಿ, ಪರಿಹಾರದ ಮಟ್ಟಿಗೆ 2013ರ ಕಾಯ್ದೆ ಮತ್ತು ಅದಕ್ಕೆ ಆಗಾಗ ಆಗುವ ತಿದ್ದುಪಡಿಗಳು ಅನ್ವಯಿಸುತ್ತವೆ ಎಂದು 36ನೇ ಸೆಕ್ಷನ್‌ಗೆ ಒಂದು ಉಪಸೆಕ್ಷನ್ ಸೇರಿಸಿ. ಅವಾರ್ಡ್ ಆಗದ ಹಳೆಯ ಪ್ರಕರಣಗಳಿಗೂ ಅದು ಸಲ್ಲುತ್ತದೆ ಎಂದು ಬರೆಯಿರಿ. ಬೆಂಗಳೂರಿನ ಶಾಸಕರು, ಯಾವ ಪಕ್ಷದವರೇ ಆಗಲಿ, ಖಾಸಗಿ ಮಸೂದೆಯಾಗಿಯಾದರೂ ತರಬಹುದು.

ಅಲ್ಲಿಯವರೆಗೆ, ಜಮೀನಿನ ನೋಟಿಸ್ ಬಂದವರು ಮೊದಲು ಯಾವ ಕಾಯ್ದೆ, ಯಾವ ಸೆಕ್ಷನ್ ಎಂದು ನೋಡಿಕೊಳ್ಳಿ. ಬಿಡಿಎ ಕಾಯ್ದೆಯ 17 ಎಂದಿದ್ದರೆ ಆಕ್ಷೇಪಣೆಗೆ 30 ದಿನ. ಹೆದ್ದಾರಿ ಕಾಯ್ದೆಯ 3ಎ ಎಂದಿದ್ದರೆ ಅಧಿಸೂಚನೆ ಪ್ರಕಟವಾದ ದಿನದಿಂದ 21 ದಿನ. 2013ರ ಕಾಯ್ದೆಯ 11 ಎಂದಿದ್ದರೆ, ಅದೂ ಪ್ರಕಟವಾದ ದಿನದಿಂದ, 60 ದಿನ. ನೋಟಿಸ್ ಕೈಗೆ ಬಂದ ತಾರೀಖನ್ನು ಅದರ ಮೇಲೇ ಬರೆದಿಟ್ಟುಕೊಳ್ಳಿ, ಆಕ್ಷೇಪಣೆಯನ್ನು ಲಿಖಿತವಾಗಿಯೇ ಕೊಟ್ಟು ಸ್ವೀಕೃತಿ ಪಡೆಯಿರಿ.