ಚಾರ್ಜರ್‌ಗಳ ಜಡೆ, ರಿಮೋಟ್‌ಗಳ ಅಜ್ಞಾತವಾಸ

ಆನೆಗೆ ಹಿಂಡು, ಕುರಿಗೆ ಮಂದೆ, ಬಾಳೆಗೆ ಗೊನೆ, ದ್ರಾಕ್ಷಿಗೆ ಗೊಂಚಲು, ಹುಲ್ಲಿಗೆ ಹೊರೆ, ಹೊರೆ ಹೆಚ್ಚಾದರೆ ಬಣವೆ. ಹಿಂದಿನವರು ಏನನ್ನೇ ಒಟ್ಟಿದರೂ ಅದಕ್ಕೊಂದು ಹೆಸರಿಟ್ಟೇ ಒಟ್ಟಿದರು. ಒಟ್ಟುವುದರಲ್ಲಿ ನಾವು ಅವರನ್ನೂ ಮೀರಿಸಿದವರು; ಹೆಸರಿಡುವುದರಲ್ಲಿ ಮಾತ್ರ ಶುದ್ಧ ಸೋಮಾರಿಗಳು. ಯಾರದೇ ಮೇಜಿನ ಖಾನೆ ಎಳೆದು "ಇದೆಲ್ಲ ಏನ್ರೀ?" ಅಂತ ಕೇಳಿ ನೋಡಿ. ಉತ್ತರ ಒಂದೇ: "ಇರ್ಲಿ ಬಿಡಿ, ಯಾವತ್ತಾದ್ರೂ ಬೇಕಾಗುತ್ತೆ."

ಆದ್ದರಿಂದ ಈ ಅನಾಮಧೇಯ ಗುಡ್ಡೆಗಳಿಗೆ ನಾಮಕರಣ ಮಾಡುವ ಭಾರವನ್ನು, ಯಾರೂ ಕೇಳಿಕೊಳ್ಳದಿದ್ದರೂ, ನಾನೇ ಹೊತ್ತುಕೊಂಡಿದ್ದೇನೆ. ಪರಂಪರೆ ಇಲ್ಲದ ಕೆಲಸವೇನಲ್ಲ. 1486ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ 'ಸೇಂಟ್ ಆಲ್ಬನ್ಸ್ ಪುಸ್ತಕ' ಬೇಟೆಯಾಡುವ ದೊಡ್ಡ ಮನುಷ್ಯರ ಅನುಕೂಲಕ್ಕೆ ಇಂಥದ್ದೇ ಪಟ್ಟಿ ಕೊಟ್ಟಿತ್ತು. ಅದು ಪ್ರಾಣಿಪಕ್ಷಿಗಳಿಗೆ ನಿಲ್ಲಲಿಲ್ಲ. ಮಠದ ಸನ್ಯಾಸಿನಿಯರು ಒಟ್ಟಾಗಿ ಕಂಡರೆ 'ಅತಿಯಾಯಿತು' ಎಂಬರ್ಥದ ಹೆಸರು, ಸನ್ಯಾಸಿಗಳು ಕಂಡರೆ 'ಅಸಹ್ಯ ನೋಟ'. ಅವರನ್ನೇ ಬಿಡದ ಪದ್ಧತಿ ಚಾರ್ಜರನ್ನು ಬಿಟ್ಟೀತೇ?

ಚಾರ್ಜರ್‌ಗಳ ಸಮೂಹಕ್ಕೆ 'ಜಡೆ' ಎನ್ನೋಣ. ಯಾರೂ ಹೆಣೆಯದೆ ತಾನೇ ಹೆಣೆದುಕೊಳ್ಳುವ ಜಡೆ. ನೀಟಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಬಿಗಿದು ಇಟ್ಟ ವೈರು ಬೆಳಗಾಗುವಷ್ಟರಲ್ಲಿ ಪಕ್ಕದ ಇಯರ್‌ಫೋನಿನ ಕೊರಳು ತಬ್ಬಿರುತ್ತದೆ. ಒಂದನ್ನು ಎಳೆದರೆ ನಾಲ್ಕು ಬರುತ್ತವೆ, ಬೇಕಾದ್ದು ಐದನೆಯದು. ಇವುಗಳ ವಂಶಾವಳಿಯೂ ಸಣ್ಣದಲ್ಲ. 2009ರ ಹೊತ್ತಿಗೆ ಯುರೋಪಿನ ಮಾರುಕಟ್ಟೆಯಲ್ಲಿ ಮೊಬೈಲ್ ಚಾರ್ಜರ್‌ಗಳಲ್ಲೇ ಸುಮಾರು 30 ಬಗೆ ಇದ್ದವು. ಕಂಪನಿಗಳೇ ಮನಸ್ಸು ಮಾಡಿ ಒಂದು ದಾರಿಗೆ ಬರಲಿ ಎಂದು ಒಪ್ಪಂದ ಮಾಡಿ ನೋಡಿದರು. ಮನಸ್ಸು ಪೂರ್ತಿ ಬರಲಿಲ್ಲ. ಕೊನೆಗೆ ಕಾನೂನೇ ಬರಬೇಕಾಯಿತು: 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಮೊಬೈಲುಗಳಿಗೆ ಯುಎಸ್‌ಬಿ-ಸಿ ಕಡ್ಡಾಯ. ಒಂದು ತೂತಿನ ಆಕಾರ ತೀರ್ಮಾನವಾಗಲು 15 ವರ್ಷ! ನಿವೃತ್ತರಾದ ಉಳಿದವರೆಲ್ಲ ಈಗ ನಮ್ಮ ನಿಮ್ಮ ಖಾನೆಗಳಲ್ಲಿ ವಿಶ್ರಾಂತಿಯಲ್ಲಿದ್ದಾರೆ.

ಪಾಸ್‌ವರ್ಡ್‌ಗಳಿಗೆ 'ಮರೆವು'. ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಸೇರಿಸಿ ಮಂತ್ರ ಕಟ್ಟಿಕೊಡುತ್ತೀರಿ. ಮುಂದಿನ ಸಲ ಅದನ್ನೇ ಉಚ್ಚರಿಸಿದರೆ "ತಪ್ಪು" ಅನ್ನುತ್ತದೆ. ಸರಿ, ಹೊಸದು ಕೊಡೋಣವೆಂದು ಅದನ್ನೇ ಇನ್ನೊಮ್ಮೆ ಬರೆದರೆ "ಇದು ನಿಮ್ಮ ಹಳೆಯ ಪಾಸ್‌ವರ್ಡ್, ಬೇರೆ ಕೊಡಿ" ಅನ್ನುತ್ತದೆ. ಎರಡು ನಿಮಿಷದ ಹಿಂದೆ ಗುರುತೇ ಇರಲಿಲ್ಲವಲ್ಲ ಮಾರಾಯಾ! ಸುಮ್ಮನೆ ಪದೇ ಪದೇ ಪಾಸ್‌ವರ್ಡ್ ಬದಲಿಸಿ ಎಂದು ಜನರನ್ನು ಪೀಡಿಸಬೇಡಿ ಎಂದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿದೆ. ಆ ಮಾತು ಎಷ್ಟೋ ಕಚೇರಿಗಳ ಕಿವಿಗಿನ್ನೂ ಬಿದ್ದಿಲ್ಲ. ಅಲ್ಲಿನವರು ಮೂರು ತಿಂಗಳಿಗೊಮ್ಮೆ ಹಳೆಯ ಪದದ ಬಾಲಕ್ಕೆ 1, ಆಮೇಲೆ 2, ಆಮೇಲೆ 3 ಅಂಟಿಸಿ ಭದ್ರತೆ ಕಾಪಾಡುತ್ತಿದ್ದಾರೆ.

ಸಣ್ಣಪುಟ್ಟವನ್ನು ಬೇಗ ಮುಗಿಸುತ್ತೇನೆ. ಬರೆಯದ ಪೆನ್ನುಗಳಿಗೆ 'ಮೌನವ್ರತ'. ರಿಮೋಟ್‌ಗಳಿಗೆ 'ಅಜ್ಞಾತವಾಸ', ಅವಧಿ ಮುಗಿದ ಮೇಲೆ ಸೋಫಾದ ಸಂದಿಯಿಂದ ತಾವೇ ಪ್ರಕಟವಾಗುತ್ತವೆ. ಕೀಲಿಕೈಗೆ ಗೊಂಚಲು ಮೊದಲೇ ಇದೆ, ಆದರೆ ಯಾವ ಬೀಗದ್ದೆಂದೇ ಗೊತ್ತಿಲ್ಲದ ಕೀಲಿಗಳಿಗೆ 'ವಿರಹ' ಎನ್ನುವುದೇ ನ್ಯಾಯ. ಫ್ಯಾನು ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಕೈಯಲ್ಲುಳಿಯುವ ಸ್ಕ್ರೂಗಳಿಗೆ 'ಅನುಮಾನ'. ಫಾರ್ವರ್ಡ್ ಆಗಿ ಬರುವ ಸಂದೇಶಗಳಿಗೆ ನಾನು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, 'ಅಂತೆಕಂತೆ' ಎಂದು ಹಿರಿಯರು ಮುಂಗಡವಾಗಿಯೇ ಇಟ್ಟು ಹೋಗಿದ್ದಾರೆ.

ತುಸು ಯೋಚಿಸಬೇಕಾಗಿ ಬಂದದ್ದು ಅರ್ಜಿ ನಮೂನೆಗಳ ವಿಷಯದಲ್ಲಿ. 'ಪುನರುಕ್ತಿ' ಎಂದು ತೀರ್ಮಾನಿಸಿದ್ದೇನೆ. ಮೊದಲ ಪುಟದಲ್ಲಿ ಹುಟ್ಟಿದ ದಿನಾಂಕ ಕೇಳಿದವರೇ ಮೂರನೆಯ ಪುಟದಲ್ಲಿ ವಯಸ್ಸು ಕೇಳುತ್ತಾರೆ. ಕಳೆಯುವ ಲೆಕ್ಕ ಅರ್ಜಿದಾರನದು. ಹೆಸರಿಗೆ ಕೊಟ್ಟ ಚೌಕಗಳು ಹೆಸರಿನ ಕೊನೆಯ ಎರಡಕ್ಷರ ಇರುವಾಗಲೇ ಮುಗಿಯುತ್ತವೆ, ಆದರೆ 'ಕಚೇರಿ ಉಪಯೋಗಕ್ಕೆ ಮಾತ್ರ' ಎಂಬ ಜಾಗ ಅರ್ಧ ಪುಟ ಖಾಲಿ ಬಿದ್ದಿರುತ್ತದೆ. ಆನ್‌ಲೈನಿನಲ್ಲೇ ತುಂಬಿ, ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ, ಮತ್ತೆ ಆನ್‌ಲೈನಿಗೇ ಏರಿಸಿ, ಮೂಲಪ್ರತಿಯನ್ನು ಅಂಚೆಯಲ್ಲೂ ಕಳಿಸಬೇಕು. ಈ ಹೆಸರಿನ ಬಗ್ಗೆ ಆಕ್ಷೇಪ ಇದ್ದವರು ನಿಗದಿತ ನಮೂನೆಯಲ್ಲಿ, ಮೂರು ಪ್ರತಿಗಳಲ್ಲಿ, ಪ್ರತಿ ಪುಟಕ್ಕೂ ಸಹಿ ಮಾಡಿ ಸಲ್ಲಿಸತಕ್ಕದ್ದು.